ಬಜ್ಪೆಯ ಉಚಿತ ವೈ-ಫೈ: ವಿಡಿಯೊಗಿಂತ ಮೊದಲು ಒಟಿಪಿ

ಬಜ್ಪೆ ವಿಮಾನ ನಿಲ್ದಾಣದ ಉಚಿತ ವೈ-ಫೈ ಲಾಗಿನ್ ಪುಟದಲ್ಲಿ ಕರಾವಳಿಯ ವಿಡಿಯೊ ಹಾಕಿದರೆ ಮಲ್ಪೆಯ ನಿಮ್ಮ ಹೋಂಸ್ಟೇಗೆ ವಿದೇಶಿಗರು ಜಾಸ್ತಿ ಬರುತ್ತಾರಾ ಅಂತ ಕೇಳಿದ್ದೀರಿ. ವೈ-ಫೈ ಇದೆ ಅಂತ ಯಾರೂ ಟಿಕೆಟ್ ಮಾಡಿಸುವುದಿಲ್ಲ. ಆದರೆ ಬಂದಿಳಿದವರ ಮೊದಲ ಅರ್ಧ ಗಂಟೆ ಸಲೀಸಾಗಿ ಕಳೆದರೆ ದೇಶಕ್ಕೆ ಅದೇ ಒಳ್ಳೆ ಪ್ರಚಾರ, ಅಲ್ವಾ?

ತೊಡಕಿರುವುದು ಒಟಿಪಿಯಲ್ಲಿ. ನಮ್ಮಲ್ಲಿ ಸಾರ್ವಜನಿಕ ವೈ-ಫೈ ಬಳಸುವವರ ಗುರುತು ದಾಖಲಾಗಬೇಕು, ಅದಕ್ಕೇ ಮೊಬೈಲ್ ನಂಬರ್ ಕೇಳುತ್ತಾರೆ. ಜರ್ಮನಿಯಿಂದ ಬಂದವನು ಬಿಲ್ಲಿಗೆ ಹೆದರಿ ರೋಮಿಂಗ್ ಆಫ್ ಮಾಡಿಕೊಂಡಿರುತ್ತಾನೆ. ಒಟಿಪಿ ಬರುವುದಿಲ್ಲ, ಪುಟ ಮುಂದೆ ಹೋಗುವುದಿಲ್ಲ. ಪಾಸ್‌ಪೋರ್ಟ್ ತೋರಿಸಿದರೆ ಕೂಪನ್ ಕೊಡುವ ಕೌಂಟರ್ ಇದ್ದರೆ ಈ ತಲೆನೋವೇ ಇಲ್ಲ. ವಿಮಾನ ನಿಲ್ದಾಣದವರನ್ನು ಏನಾದರೂ ಕೇಳುವುದಾದರೆ ಅದನ್ನು ಕೇಳಿ.

ಇನ್ನೊಂದು ದಾರಿ ಅಂದರೆ ಬಂದವರಿಗೆ ಇಲ್ಲಿಯ ಸಿಮ್ ಕೊಡುವುದು. 2017ರಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಇ-ವೀಸಾದಲ್ಲಿ ಬಂದವರಿಗೆ ಬಿಎಸ್‌ಎನ್‌ಎಲ್ ಸಿಮ್ ಉಚಿತವಾಗಿ ಕೊಡಲು ಶುರುಮಾಡಿತ್ತು, 50 ಎಂಬಿ ಡೇಟಾ ಸಮೇತ. ಐವತ್ತೇ ಎಂಬಿ! ದುಬೈ 2022ರಲ್ಲಿ ಪ್ರವಾಸಿಗರಿಗೆ ಕೊಟ್ಟ ಉಚಿತ ಸಿಮ್‌ನಲ್ಲಿ 1 ಜಿಬಿ ಇತ್ತು.

ವಿಡಿಯೊ ಮಾತ್ರ ಬೇಡ. ಲಾಗಿನ್ ಪುಟದಲ್ಲಿ ಜನ ಹುಡುಕುವುದು 'ಮುಂದೆ' ಅನ್ನೋ ಬಟನ್ ಒಂದನ್ನೇ. ಅದರ ಕೆಳಗೆ ಉಡುಪಿಗೆ ಹೋಗುವ ದಾರಿ, ಟ್ಯಾಕ್ಸಿ ದರ, ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇಲ್ಲ ಅನ್ನೋ ಒಂದು ಸಾಲು ಸಾಕು. ಜುಲೈನಲ್ಲಿ ಬ್ಯಾಗ್ ಹೊತ್ತು ಮಲ್ಪೆಗೆ ಬಂದು, ಬೋಟ್ ಎಲ್ಲಿ ಅಂತ ಕೇಳುವವರನ್ನು ನೀವೇ ನೋಡಿರುತ್ತೀರಿ.

ಇದೆಲ್ಲ ಆಗುವವರೆಗೆ ಸುಮ್ನೆ ಕಾಯಬೇಡಿ. ಬುಕ್ ಮಾಡಿದವರಿಗೆ ಮನೆಯ ಮ್ಯಾಪ್ ಮತ್ತು ಡ್ರೈವರ್ ನಂಬರ್ ಅನ್ನು ವಿಮಾನ ಹತ್ತುವ ಮೊದಲೇ ಕಳಿಸಿಬಿಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲು ಹೇಳಿ.