ಪ್ಯಾಕೇಜ್ ಮೂಲಗಳನ್ನು ಹೊಂದಿಸುವ ಸಾಧನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಪಾಲಿಟೆಕ್ನಿಕ್ ಲ್ಯಾಬಿನಲ್ಲಿ 40 ಕಂಪ್ಯೂಟರುಗಳಿವೆ. ಕೆಲವದರಲ್ಲಿ ಉಬುಂಟು 22.04, ಕೆಲವದರಲ್ಲಿ 24.04, ಉಳಿದವುಗಳಲ್ಲಿ ಲಿನಕ್ಸ್ ಮಿಂಟ್ 22 ಇದೆ. ಪ್ಯಾಕೇಜುಗಳು ಹತ್ತಿರದ ಮಿರರ್‌ನಿಂದ (ಭಂಡಾರದ ಪ್ರತಿಯನ್ನು ಇಟ್ಟಿರುವ ಸರ್ವರ್‌ನಿಂದ) ಇಳಿಯಲಿ ಎಂದು /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್ ಕಡತವನ್ನು ಹೊಸದಾಗಿ ಬರೆಯುವ ಸಣ್ಣ ಸ್ಕ್ರಿಪ್ಟ್ ಒಂದನ್ನು ಮಾಡಿದೆ. 22.04ರಲ್ಲಿ ಅದು ಸರಿಯಾಗಿ ನಡೆಯಿತು. 24.04ರಲ್ಲಿ ‘ಸೈನ್ಡ್-ಬೈ ಮೌಲ್ಯಗಳು ಒಂದಕ್ಕೊಂದು ವಿರುದ್ಧವಾಗಿವೆ, ಮೂಲಗಳ ಪಟ್ಟಿಯನ್ನು ಓದಲಾಗಲಿಲ್ಲ’ ಎಂಬ ಅರ್ಥದ ದೋಷ ಬಂದು ಅಪ್‌ಡೇಟ್ ನಿಂತೇ ಹೋಯಿತು. ಮಿಂಟ್‌ನಲ್ಲಿ 404, ಅಂದರೆ ಕೇಳಿದ ಕಡತ ಸಿಗಲಿಲ್ಲ ಎಂಬ ದೋಷ, ಬರುತ್ತಿದೆ. ಎಲ್ಲ ಯಂತ್ರಗಳಿಗೂ ಹೊಂದುವ ಒಂದೇ ಸಾಧನವನ್ನು ಬರೆಯುವುದು ಹೇಗೆ?
– ಲ್ಯಾಬ್ ಬೋಧಕರು, ದಾವಣಗೆರೆ

ಉತ್ತರ: ತಮ್ಮ ಸ್ಕ್ರಿಪ್ಟ್ ಮೂರೂ ಬಗೆಯ ಯಂತ್ರಗಳಲ್ಲಿ ಒಂದೇ ಕೆಲಸವನ್ನು ಮಾಡಿದೆ, ಆದರೆ ಆ ಯಂತ್ರಗಳು ತಮ್ಮ ಮೂಲಗಳನ್ನು ಇಟ್ಟುಕೊಳ್ಳುವ ಜಾಗ ಒಂದೇ ಆಗಿಲ್ಲ. ಉಬುಂಟು 22.04ರಲ್ಲಿ ಮುಖ್ಯ ಭಂಡಾರದ ವಿಳಾಸಗಳು ಸೋರ್ಸಸ್.ಲಿಸ್ಟ್ ಕಡತದಲ್ಲಿಯೇ, ಸಾಲಿಗೊಂದರಂತೆ, ‘ಡೆಬ್’ ಎಂಬ ಪದದಿಂದ ಆರಂಭವಾಗಿ ಇರುತ್ತವೆ. 24.04ರಲ್ಲಿ ಅವು ಸೋರ್ಸಸ್.ಲಿಸ್ಟ್.ಡಿ ಫೋಲ್ಡರಿನ ಉಬುಂಟು.ಸೋರ್ಸಸ್ ಎಂಬ ಕಡತಕ್ಕೆ ಹೋಗಿವೆ, ಬರೆಯುವ ರೂಪವೂ ಬದಲಾಗಿದೆ. ಅಲ್ಲಿ ಟೈಪ್ಸ್, ಯುಆರ್‌ಐಸ್, ಸೂಟ್ಸ್, ಕಾಂಪೊನೆಂಟ್ಸ್, ಸೈನ್ಡ್-ಬೈ ಎಂಬ ಹೆಸರುಗಳ ಮುಂದೆ ಆಯಾ ಮೌಲ್ಯವನ್ನು ಬೇರೆ ಬೇರೆ ಸಾಲುಗಳಲ್ಲಿ ಕೊಡಲಾಗುತ್ತದೆ. ಡೆಬ್822 ಎಂದು ಕರೆಯುವ ಈ ರೂಪವನ್ನು, ಪ್ಯಾಕೇಜುಗಳನ್ನು ಇಳಿಸಿ ಸ್ಥಾಪಿಸುವ ಆಪ್ಟ್ ತಂತ್ರಾಂಶ ತನ್ನ 1.1ನೆಯ ಆವೃತ್ತಿಯಿಂದಲೇ ಓದಬಲ್ಲದು.

ತಾವು ಸೋರ್ಸಸ್.ಲಿಸ್ಟ್ ಬರೆದಾಗ ಉಬುಂಟು.ಸೋರ್ಸಸ್ ಹಾಗೆಯೇ ಉಳಿಯಿತು. ಮುಖ್ಯ ಭಂಡಾರದ ವಿಳಾಸವನ್ನು ತಾವು ಬದಲಿಸಿದ್ದರೂ ಭದ್ರತಾ ತಿದ್ದುಪಡಿಗಳ ವಿಳಾಸವನ್ನು ಮೊದಲಿದ್ದಂತೆಯೇ ಬಿಟ್ಟಿರಬೇಕು. ಹೀಗಾಗಿ ಅದೇ ವಿಳಾಸ, ಅದೇ ಸೂಟ್ (ಭಂಡಾರದಲ್ಲಿ ಒಂದು ಆವೃತ್ತಿಗೆ ಮೀಸಲಾದ ವಿಭಾಗ) ಈಗ ಎರಡು ಕಡತಗಳಲ್ಲಿದೆ: ಒಂದರಲ್ಲಿ ಯಾವ ಕೀಲಿಯಿಂದ ಸಹಿಯನ್ನು ಪರೀಕ್ಷಿಸಬೇಕೆಂದು ಹೇಳಿದೆ, ಇನ್ನೊಂದರಲ್ಲಿ ಹೇಳಿಲ್ಲ. ಯಾವ ಮಾತನ್ನು ನಂಬಬೇಕೆಂಬುದನ್ನು ಆಪ್ಟ್ ತಾನೇ ಊಹಿಸಲು ಹೋಗದೆ ಕೆಲಸವನ್ನು ನಿಲ್ಲಿಸುತ್ತದೆ, ಮತ್ತು ಅದು ಹಾಗೆ ನಿಲ್ಲಿಸುವುದೇ ಸರಿ.

ಮಿಂಟ್‌ನ ತೊಂದರೆಯ ಬೇರು ಬೇರೆ ಕಡೆ ಇದೆ. ತಮ್ಮ ಸ್ಕ್ರಿಪ್ಟ್ ಆವೃತ್ತಿಯ ಸಂಕೇತನಾಮವನ್ನು /ಇಟಿಸಿ/ಓಎಸ್-ರಿಲೀಸ್ ಕಡತದ ವರ್ಷನ್_ಕೋಡ್‌ನೇಮ್ ಎಂಬ ಸಾಲಿನಿಂದ ತೆಗೆದುಕೊಳ್ಳುತ್ತಿರಬೇಕು. ಮಿಂಟ್ 22ರಲ್ಲಿ ಆ ಸಾಲು ‘ವಿಲ್ಮಾ’ ಎನ್ನುತ್ತದೆ. ಉಬುಂಟುವಿನ ಭಂಡಾರದಲ್ಲಿ ವಿಲ್ಮಾ ಎಂಬ ಸೂಟ್ ಇಲ್ಲದ ಕಾರಣ 404 ಬರುತ್ತದೆ. ಅದೇ ಕಡತದಲ್ಲಿ ಸ್ವಲ್ಪ ಕೆಳಗೆ ಉಬುಂಟು_ಕೋಡ್‌ನೇಮ್ ಎಂಬ ಇನ್ನೊಂದು ಸಾಲಿದ್ದು, ಅದರಲ್ಲಿ ‘ನೋಬಲ್’ ಎಂದಿರುತ್ತದೆ, ಬೇಕಾಗಿದ್ದುದು ಅದು. ಡೆಬಿಯನ್ ಮೇಲೆ ಕಟ್ಟಿದ ಮಿಂಟ್ ಆವೃತ್ತಿಯೂ ಒಂದಿರುವುದರಿಂದ, ‘ಮಿಂಟ್ ಎಂದರೆ ಉಬುಂಟು’ ಎಂಬ ಭಾವನೆಯನ್ನು ಸ್ಕ್ರಿಪ್ಟಿನೊಳಗೆ ಹುದುಗಿಸಿಡುವುದೂ ತಪ್ಪಾಗುತ್ತದೆ. ಅಲ್ಲದೆ ಮಿಂಟ್ ತನ್ನ ಸ್ವಂತ ಭಂಡಾರ ಮತ್ತು ಉಬುಂಟು ಭಂಡಾರ ಎರಡನ್ನೂ ಅಫಿಶಿಯಲ್-ಪ್ಯಾಕೇಜ್-ರೆಪಾಸಿಟರೀಸ್.ಲಿಸ್ಟ್ ಎಂಬ ಒಂದೇ ಕಡತದಲ್ಲಿ ಇಡುತ್ತದೆ. ಅಲ್ಲಿ ಉಬುಂಟುವಿನ ಸಾಲುಗಳನ್ನು ಮಾತ್ರ ಮುಟ್ಟಿ, ಮಿಂಟ್‌ನ ಸಾಲನ್ನು ಇದ್ದಂತೆ ಬಿಡಬೇಕು.

ಆದ್ದರಿಂದ ಸಾಧನವು ಬರೆಯುವುದಕ್ಕೆ ಮೊದಲು ಯಂತ್ರವನ್ನು ಕೇಳಬೇಕು. ಇಂಥ ಸಾಧನವನ್ನು ಬರೆಯಲು ಕೂತವರೆಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ, ಏಕೆಂದರೆ ನಾನು ನೋಡಿದ ಬಹುಪಾಲು ಸ್ಕ್ರಿಪ್ಟುಗಳಲ್ಲಿ ನೂರು ಸಾಲು ಬರೆಯುವುದಕ್ಕೆ ಹೋಗಿ, ಕೇಳುವುದಕ್ಕೆ ಎರಡು ಸಾಲು ಮಾತ್ರ ಉಳಿದಿರುತ್ತದೆ. ಓಎಸ್-ರಿಲೀಸ್‌ನಿಂದ ಐಡಿ, ಐಡಿ_ಲೈಕ್ ಮತ್ತು ಸಂಕೇತನಾಮಗಳನ್ನು ಓದಿಕೊಳ್ಳಿ. ಡಿಪಿಕೆಜಿಯ ಪ್ರಿಂಟ್-ಆರ್ಕಿಟೆಕ್ಚರ್ ಆಯ್ಕೆಯಿಂದ ಪ್ರೊಸೆಸರಿನ ಬಗೆಯನ್ನು ತಿಳಿದುಕೊಳ್ಳಿ: ಲ್ಯಾಬಿನ ಮೂಲೆಯಲ್ಲಿ ಒಂದು ರಾಸ್ಪ್‌ಬೆರಿ ಪೈ ಮೇಲೆ ಉಬುಂಟು ಹಾಕಿದ್ದರೆ, ಅದರ ಪ್ಯಾಕೇಜುಗಳು ಮುಖ್ಯ ಆರ್ಕೈವ್‌ನಲ್ಲಿ ಸಿಗುವುದಿಲ್ಲ, ಪೋರ್ಟ್ಸ್ ಎಂಬ ಬೇರೆ ವಿಳಾಸದಲ್ಲಿ ಸಿಗುತ್ತವೆ. ಸದ್ಯ ಯಾವ ಯಾವ ಮೂಲಗಳು ಚಾಲ್ತಿಯಲ್ಲಿವೆ ಎಂಬುದನ್ನು ಕಡತಗಳನ್ನು ಗ್ರೆಪ್ ಮಾಡಿ ಊಹಿಸುವುದಕ್ಕಿಂತ ಆಪ್ಟ್-ಗೆಟ್‌ನ ಇಂಡೆಕ್ಸ್‌ಟಾರ್ಗೆಟ್ಸ್ ಆದೇಶದಿಂದ ಆಪ್ಟ್‌ನ ಬಾಯಿಂದಲೇ ಕೇಳುವುದು ಮೇಲು. ಹಳೆಯ ರೂಪದ ಸಾಲುಗಳಲ್ಲಿ ಚೌಕ ಆವರಣದೊಳಗೆ ಆಯ್ಕೆಗಳಿರಬಹುದು, ಹೊಸ ರೂಪದಲ್ಲಿ ಒಂದು ಮೌಲ್ಯ ಹಲವು ಸಾಲುಗಳಿಗೆ ಹರಡಿರಬಹುದು. ಸೆಡ್‌ನ ಒಂದು ಬದಲಾವಣೆಯ ಆದೇಶಕ್ಕೆ ಇವೆಲ್ಲ ತಿಳಿಯುವುದಿಲ್ಲ. ಪೈಥಾನ್ ಬಲ್ಲವರಾದರೆ ಪೈಥಾನ್-ಆಪ್ಟ್ ಲೈಬ್ರರಿಯ ಆಪ್ಟ್‌ಸೋರ್ಸಸ್ ಮಾಡ್ಯೂಲನ್ನು ಬಳಸಿ.

ಕೇಳಿದ ಮೇಲೆ, ಏನು ಬದಲಾಗಲಿದೆ ಎಂಬುದನ್ನು ಹಳೆಯ ಮತ್ತು ಹೊಸ ಸಾಲುಗಳನ್ನು ಒಂದರ ಕೆಳಗೊಂದು ತೋರಿಸಿ ಒಪ್ಪಿಗೆ ಪಡೆಯಿರಿ. ಹೊಸ ಕಡತವನ್ನು ತಾತ್ಕಾಲಿಕ ಹೆಸರಿನಲ್ಲಿ ಅದೇ ಫೋಲ್ಡರಿನಲ್ಲಿ ಪೂರ್ತಿ ಬರೆದು, ಆನಂತರ ಹೆಸರು ಬದಲಿಸಿ ಜಾಗಕ್ಕೆ ತನ್ನಿ. ಬರೆಯುತ್ತಿರುವಾಗಲೇ ಕರೆಂಟು ಹೋದರೂ ಅರ್ಧ ಬರೆದ ಕಡತ ಆಪ್ಟ್‌ನ ಕೈಗೆ ಸಿಗಬಾರದು. ಹಳೆಯ ಪ್ರತಿಯನ್ನು ಉಳಿಸುವಾಗ ಹೆಸರಿನ ಬಗ್ಗೆ ಎಚ್ಚರವಿರಲಿ. ಆಪ್ಟ್ ಆ ಫೋಲ್ಡರಿನಲ್ಲಿ .ಲಿಸ್ಟ್ ಮತ್ತು .ಸೋರ್ಸಸ್ ಎಂದು ಮುಗಿಯುವ ಕಡತಗಳನ್ನು ಮಾತ್ರ ಓದುತ್ತದೆ. ಉಬುಂಟು.ಸೋರ್ಸಸ್.ಸೇವ್ ಎಂದು ಇಟ್ಟರೆ ಅದು ಸದ್ದಿಲ್ಲದೆ ಬದಿಗೆ ಉಳಿಯುತ್ತದೆ, ಉಬುಂಟು-ಹಳೆಯದು.ಸೋರ್ಸಸ್ ಎಂಬ ಮಾದರಿಯಲ್ಲಿ ಹೆಸರಿಟ್ಟರೆ ಅದೂ ಜೀವಂತ ಕಡತವೇ ಆಗಿ, ಎರಡರ ಸೈನ್ಡ್-ಬೈ ಬೇರೆಯಾಗಿದ್ದರೆ ತಮಗೆ ಬಂದಂಥ ದೋಷವೇ ಮತ್ತೆ ಎದುರಾಗಬಹುದು. ಒಂದು ಮೂಲವನ್ನು ನಿಲ್ಲಿಸಬೇಕಾದರೆ ಅಳಿಸಲೇಬೇಕೆಂದಿಲ್ಲ: ಹೊಸ ರೂಪದಲ್ಲಿ ‘ಎನೇಬಲ್ಡ್: ನೋ’ ಎಂಬ ಒಂದು ಸಾಲು ಸಾಕು. ಸಾಧನವನ್ನು ಹತ್ತು ಬಾರಿ ಓಡಿಸಿದರೂ ಫಲಿತಾಂಶ ಮೊದಲ ಬಾರಿಯದೇ ಆಗಿರಬೇಕು, ಮತ್ತು ಹಿಂದಿನ ಸ್ಥಿತಿಗೆ ಮರಳಿಸುವ ಆದೇಶ ಮೊದಲ ದಿನದಿಂದಲೇ ಅದರಲ್ಲಿರಬೇಕು.

ಕೊನೆಯದಾಗಿ, ಗೆದ್ದೆವೋ ಸೋತೆವೋ ಎಂಬುದನ್ನು ಆಪ್ಟ್-ಗೆಟ್ ಅಪ್‌ಡೇಟ್ ಹಿಂತಿರುಗಿಸುವ ಸಂಖ್ಯೆಯಿಂದ ಮಾತ್ರ ತೀರ್ಮಾನಿಸಬೇಡಿ. ಒಂದು ಮಿರರ್ ಸಿಗದೆ ಹೋದರೂ ಹಳೆಯ ಸೂಚಿಗಳನ್ನೇ ಬಳಸುವುದಾಗಿ ಎಚ್ಚರಿಕೆ ಕೊಟ್ಟು ಅದು ಸೊನ್ನೆಯನ್ನೇ, ಅಂದರೆ ಯಶಸ್ಸನ್ನೇ, ಹಿಂತಿರುಗಿಸಬಹುದು. ಎರರ್-ಆನ್ ಆಯ್ಕೆಗೆ ‘ಎನಿ’ ಎಂಬ ಮೌಲ್ಯ ಕೊಟ್ಟು ಓಡಿಸಿದರೆ ಅಂಥ ಸಣ್ಣ ವೈಫಲ್ಯವೂ ದೋಷವೆಂದೇ ಲೆಕ್ಕವಾಗುತ್ತದೆ. ಆಗ ಸಾಧನವು ಹಳೆಯ ಕಡತವನ್ನು ತಾನಾಗಿಯೇ ಮರಳಿಸಬಹುದು.

ಪ್ರಶ್ನೆ: ಹೊರಗಿನ ಭಂಡಾರವೊಂದನ್ನು ಸೇರಿಸುವ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಸಹಿಯನ್ನು ಪರೀಕ್ಷಿಸುವ ಕೀಲಿಯನ್ನು ಇಳಿಸಿ ಇಟ್ಟ ಮೇಲೂ ‘ನೋ_ಪಬ್‌ಕೀ’, ಅಂದರೆ ಕೀಲಿ ಸಿಗಲಿಲ್ಲ, ಎಂಬ ದೋಷ ಬರುತ್ತಿದೆ. ಆಪ್ಟ್-ಕೀ ಆದೇಶ ಬಳಸು ಎಂದು ಒಬ್ಬರು, ಸಾಲಿನಲ್ಲಿ ‘ಟ್ರಸ್ಟೆಡ್=ಯೆಸ್’ ಎಂದು ಸೇರಿಸು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಎರಡೂ ಬೇಡ. ಎರಡನೆಯದನ್ನು ಯಾರು ಹೇಳಿದರೂ ಒಪ್ಪಬೇಡಿ.

ಭಂಡಾರದಲ್ಲಿ ಇನ್‌ರಿಲೀಸ್ ಎಂಬ ಒಂದು ಕಡತವಿರುತ್ತದೆ. ಅದರಲ್ಲಿ ಪ್ಯಾಕೇಜ್ ಸೂಚಿಗಳ ಎಸ್‌ಎಚ್‌ಎ256 ಮೊತ್ತಗಳಿರುತ್ತವೆ (ಕಡತ ಒಂದಿಷ್ಟು ಬದಲಾದರೂ ಬೇರೆಯಾಗುವ ಗುರುತುಗಳು), ಆ ಸೂಚಿಗಳಲ್ಲಿ ಒಂದೊಂದು ಪ್ಯಾಕೇಜಿನ ಮೊತ್ತವಿರುತ್ತದೆ. ಇನ್‌ರಿಲೀಸ್‌ನ ಮೇಲಿನ ಸಹಿ ಒಂದನ್ನು ಪರೀಕ್ಷಿಸಿದರೆ, ಕೊಂಡಿಯಿಂದ ಕೊಂಡಿಗೆ ಹೋಗಿ, ಇಳಿಸಿಕೊಂಡ ಕೊನೆಯ ಬೈಟಿನವರೆಗೂ ಭರವಸೆ ಸಿಗುತ್ತದೆ. ಯಾವುದೋ ಊರಿನ ಯಾವುದೋ ಮಿರರ್‌ನಿಂದ, ಎಚ್‌ಟಿಟಿಪಿಎಸ್ ಇಲ್ಲದೆಯೂ, ನಾವು ಧೈರ್ಯವಾಗಿ ಪ್ಯಾಕೇಜುಗಳನ್ನು ಇಳಿಸಿಕೊಳ್ಳುತ್ತಿರುವುದು ಈ ಸಹಿಯ ಬಲದಿಂದಲೇ. ‘ಟ್ರಸ್ಟೆಡ್=ಯೆಸ್’ ಆ ಮೊದಲ ಕೊಂಡಿಯನ್ನೇ ಕಳಚಿಹಾಕುತ್ತದೆ. ಪ್ಯಾಕೇಜುಗಳ ಸ್ಥಾಪನಾ ಸ್ಕ್ರಿಪ್ಟುಗಳು ರೂಟ್ ಅಧಿಕಾರದಲ್ಲಿ ಓಡುತ್ತವೆ ಎಂಬುದನ್ನು ನೆನೆದರೆ, ಹಾಗೆ ಮಾಡುವುದು ಎಂಥ ಅಪಾಯವೆಂದು ತಿಳಿಯುತ್ತದೆ.

ಆಪ್ಟ್-ಕೀ ಕೂಡ ಕೈಬಿಟ್ಟ ಆದೇಶ. ಅದರ ಮೂಲಕ ಸೇರಿಸಿದ ಕೀಲಿಯನ್ನು ಆಪ್ಟ್ ಸೈನ್ಡ್-ಬೈ ಇಲ್ಲದ ಎಲ್ಲ ಭಂಡಾರಗಳಿಗೂ ನಂಬುತ್ತದೆ. ಅಂದರೆ ಒಂದು ಬ್ರೌಸರಿಗಾಗಿ ಸೇರಿಸಿದ ಕೀಲಿ ಡೆಬಿಯನ್‌ನ ಮುಖ್ಯ ಭಂಡಾರದ ಸಹಿಗೂ ಒಪ್ಪಿಗೆಯಾಗಿಬಿಡುತ್ತದೆ. ಈಗಿನ ಪದ್ಧತಿಯಂತೆ ಕೀಲಿಯನ್ನು /ಇಟಿಸಿ/ಆಪ್ಟ್/ಕೀರಿಂಗ್ಸ್ ಫೋಲ್ಡರಿನಲ್ಲಿ ಇರಿಸಿ, ಆ ಒಂದು ಮೂಲದ ಸೈನ್ಡ್-ಬೈ ಸಾಲಿನಲ್ಲಿ ಅದರ ಪೂರ್ಣ ಹಾದಿಯನ್ನು ಬರೆಯಬೇಕು.

ತಮ್ಮ ದೋಷಕ್ಕೆ ಎರಡು ಕಾರಣಗಳಿರಬಹುದು. ಅಕ್ಷರ ರೂಪದ ಕೀಲಿಗೆ .ಎಎಸ್‌ಸಿ ಎಂದೂ ಬೈನರಿ ಕೀಲಿಗೆ .ಜಿಪಿಜಿ ಎಂದೂ ಹೆಸರು ಮುಗಿಯಬೇಕು. ಇದು ಅದಲುಬದಲಾಗಿದ್ದರೆ ಸುಲಭವಾಗಿ ಕಾಣುತ್ತದೆ. ಇನ್ನೊಂದು ಕಾರಣ ಕಣ್ಣಿಗೆ ಬೀಳುವುದು ಕಷ್ಟ, ಅದನ್ನು ನಾನು ಅನುಭವದಿಂದ ಹೇಳುತ್ತೇನೆ. ಒಂದು ಕಾಲೇಜಿನ ಲ್ಯಾಬಿನಲ್ಲಿ ನನ್ನ ಸಾಧನ ಎಲ್ಲ ಯಂತ್ರಗಳಲ್ಲೂ ನಡೆದು, ಮೂರು ಯಂತ್ರಗಳಲ್ಲಿ ಮಾತ್ರ ನೋ_ಪಬ್‌ಕೀ ತೋರಿಸಿತು. ಕೀಲಿಯ ಬೆರಳಚ್ಚು ಸರಿಯಾಗಿತ್ತು, ಹಾದಿ ಸರಿಯಾಗಿತ್ತು, ಮತ್ತೆ ಇಳಿಸಿದರೂ ಅದೇ ಕಥೆ. ಅರ್ಧ ಮಧ್ಯಾಹ್ನ ಕಳೆದ ಮೇಲೆ ಎಲ್‌ಎಸ್ ಮೈನಸ್ ಎಲ್ ಕೊಟ್ಟು ಅನುಮತಿಗಳ ಕಾಲಮನ್ನು ನೋಡಿದೆ. ಉಳಿದ ಯಂತ್ರಗಳಲ್ಲಿ 644 ಇದ್ದ ಕಡೆ ಆ ಮೂರರಲ್ಲಿ 600 ಇತ್ತು. ಅಲ್ಲಿ ಯಾರೋ ರೂಟ್‌ನ ಉಮಾಸ್ಕನ್ನು (ಹೊಸ ಕಡತಗಳಿಗೆ ಯಾವ ಅನುಮತಿಗಳು ಸಿಗಬಾರದೆಂದು ಹೇಳುವ ಸಂಖ್ಯೆಯನ್ನು) 077 ಎಂದು ಬಿಗಿ ಮಾಡಿದ್ದರು, ಆದ್ದರಿಂದ ಕೀಲಿಯ ಕಡತ ರೂಟ್‌ಗೆ ಬಿಟ್ಟು ಬೇರೆ ಯಾರಿಗೂ ಓದಲಾಗದಂತೆ ಹುಟ್ಟಿಕೊಂಡಿತ್ತು. ಆಪ್ಟ್ ಸಹಿಯನ್ನು ಪರೀಕ್ಷಿಸುವಾಗ ರೂಟ್ ಆಗಿರುವುದಿಲ್ಲ. ‘_ಆಪ್ಟ್’ ಎಂಬ ಅಧಿಕಾರವಿಲ್ಲದ ಬಳಕೆದಾರನಾಗಿ ಆ ಕೆಲಸ ಮಾಡುತ್ತದೆ. ಅದಕ್ಕೆ ಓದಲಾಗದ ಕೀಲಿ, ಇಲ್ಲದ ಕೀಲಿಗೆ ಸಮ. ಅಂದಿನಿಂದ ನನ್ನ ಸಾಧನಗಳಲ್ಲಿ ಕೀಲಿಯನ್ನು ಕಾಪಿ ಮಾಡುವುದಿಲ್ಲ, ಇನ್‌ಸ್ಟಾಲ್ ಆದೇಶದಿಂದ 0644 ಎಂದು ಅನುಮತಿಯನ್ನು ಬಾಯಿಬಿಟ್ಟು ಹೇಳಿ ಇರಿಸುತ್ತೇನೆ. ಫೋಲ್ಡರಿಗೂ 0755 ಎಂದು ಹೇಳುತ್ತೇನೆ.

ಕೀಲಿಯನ್ನು ಇಳಿಸಿದ ಕೂಡಲೇ ನಂಬುವುದೂ ಸರಿಯಲ್ಲ. ಭಂಡಾರದವರು ಪ್ರಕಟಿಸಿರುವ 40 ಅಂಕಿಗಳ ಪೂರ್ಣ ಬೆರಳಚ್ಚನ್ನು ಸ್ಕ್ರಿಪ್ಟಿನೊಳಗೆ ಬರೆದಿಟ್ಟು, ಇಳಿದ ಕೀಲಿಯ ಬೆರಳಚ್ಚಿನೊಂದಿಗೆ ಹೋಲಿಸಿ. ಕೊನೆಯ 8 ಅಂಕಿಗಳನ್ನು ಮಾತ್ರ ಹೋಲಿಸಿದರೆ ಸಾಲದು, ಅಷ್ಟು ಹೊಂದುವ ನಕಲಿ ಕೀಲಿಯನ್ನು ತಯಾರಿಸುವುದು ಕಷ್ಟವಲ್ಲ.

ಪ್ರಶ್ನೆ: ನಮ್ಮ ಶಾಲೆಯ ಇಂಟರ್‌ನೆಟ್ ನಿಧಾನ. ಕನ್ನಡದ ಗುಬ್ಬಿ, ನವಿಲು ಫಾಂಟುಗಳನ್ನು 12 ಯಂತ್ರಗಳಿಗೆ ಹಾಕುವಷ್ಟರಲ್ಲಿಯೇ ಒಂದು ದಿನ ಹೋಯಿತು. ಕೆಲವು ಯಂತ್ರಗಳಲ್ಲಿ ಉಬುಂಟು 23.10 ಇದ್ದು, ಅಲ್ಲಿ ಏನೂ ಇಳಿಯುವುದೇ ಇಲ್ಲ. ಅತಿ ವೇಗದ ಮಿರರನ್ನು ತಾನೇ ಆರಿಸುವ ಸಾಧನ ಬರೆಯಬಹುದೇ?
– ಶಾಲಾ ಶಿಕ್ಷಕರು, ಮೈಸೂರು ಜಿಲ್ಲೆ

ಉತ್ತರ: ಬರೆಯಬಹುದು, ಆದರೆ ತಮ್ಮ ತೊಂದರೆಗೆ ಅದು ಮದ್ದಲ್ಲ. ಶಾಲೆಯ ಸಂಪರ್ಕವೇ ನಿಧಾನವಾಗಿರುವಾಗ ಯಾವ ಮಿರರ್ ಆರಿಸಿದರೂ ಒಂದೇ ಪ್ಯಾಕೇಜು 12 ಬಾರಿ ಅದೇ ತಂತಿಯಲ್ಲಿ ಬರಬೇಕು. ಒಂದು ಯಂತ್ರದಲ್ಲಿ, ಇಳಿದ ಪ್ಯಾಕೇಜುಗಳನ್ನು ಸಂಗ್ರಹಿಸಿಟ್ಟು ಉಳಿದವಕ್ಕೆ ಕೊಡುವ ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿ, ಉಳಿದವುಗಳಲ್ಲಿ ಆಪ್ಟ್‌ನ ಪ್ರಾಕ್ಸಿಯನ್ನು ಆ ಯಂತ್ರದ 3142ನೆಯ ಪೋರ್ಟಿಗೆ ತಿರುಗಿಸಿ. ಮೊದಲ ಯಂತ್ರ ಕೇಳಿದಾಗ ಹೊರಗಿನಿಂದ ಬಂದ ಪ್ಯಾಕೇಜು ಮಿಕ್ಕ 11ಕ್ಕೆ ಒಳಗಿನಿಂದಲೇ ಸಿಗುತ್ತದೆ. ಮೂಲಗಳ ವಿಳಾಸ ಎಚ್‌ಟಿಟಿಪಿ ಆಗಿದ್ದರೆ ಮಾತ್ರ ಹೀಗೆ ಸಂಗ್ರಹವಾಗುತ್ತದೆ. ಹಾಗೆ ಬಿಡಲು ಹೆದರಬೇಕಾಗಿಲ್ಲವೆಂಬುದಕ್ಕೆ ಕಾರಣವನ್ನು ಮೇಲಿನ ಉತ್ತರದಲ್ಲಿ ಸಹಿಯ ಬಗ್ಗೆ ಹೇಳುವಾಗ ಕೊಟ್ಟಿದ್ದೇನೆ. ತಮ್ಮ ಸಾಧನ ಬರೆಯಬೇಕಾದದ್ದು ಆಪ್ಟ್.ಕಾನ್ಫ್.ಡಿ ಫೋಲ್ಡರಿನಲ್ಲಿ ಆ ಒಂದು ಪ್ರಾಕ್ಸಿ ಸಾಲನ್ನು ಮಾತ್ರ.

ಮಿರರ್ ಆರಿಸುವ ಸಾಧನವನ್ನು ಮುಂದೆ ಬರೆದರೂ, ಪಿಂಗ್ ಸಮಯ ನೋಡಿ ತೀರ್ಮಾನಿಸಬೇಡಿ. ಒಂದೆರಡು ಮೆಗಾಬೈಟಿನ ಸೂಚಿಯೊಂದನ್ನು ನಿಜವಾಗಿ ಇಳಿಸಿ ಅಳೆಯಿರಿ, ಮತ್ತು ಇನ್‌ರಿಲೀಸ್‌ನಲ್ಲಿರುವ ದಿನಾಂಕವನ್ನು ಮುಖ್ಯ ಭಂಡಾರದ ದಿನಾಂಕದೊಂದಿಗೆ ಹೋಲಿಸಿ. ವೇಗವಾಗಿದ್ದೂ ವಾರಗಟ್ಟಲೆ ಹಿಂದೆ ಬಿದ್ದಿರುವ ಮಿರರ್ ಪ್ರಯೋಜನಕ್ಕೆ ಬಾರದು. ಭದ್ರತಾ ತಿದ್ದುಪಡಿಗಳ ಮೂಲವನ್ನು ಮಾತ್ರ ಯಾವ ಕಾರಣಕ್ಕೂ ಮಿರರ್‌ಗೆ ತಿರುಗಿಸಬೇಡಿ.

ಉಬುಂಟು 23.10ರ ಬೆಂಬಲ 2024ರ ಜುಲೈನಲ್ಲಿ ಮುಗಿದಿದೆ. ಅದರ ಪ್ಯಾಕೇಜುಗಳು ಮುಖ್ಯ ವಿಳಾಸದಿಂದ ಓಲ್ಡ್-ರಿಲೀಸಸ್ ವಿಳಾಸಕ್ಕೆ ಹೋಗಿವೆ, ಆದ್ದರಿಂದಲೇ ಏನೂ ಇಳಿಯುತ್ತಿಲ್ಲ. ಸಾಧನವು ವಿಳಾಸವನ್ನು ಅಲ್ಲಿಗೆ ಬದಲಿಸಿಕೊಡಬಲ್ಲದು, ಆದರೆ ಅಲ್ಲಿಗೆ ಹೊಸ ತಿದ್ದುಪಡಿ ಯಾವುದೂ ಬರುವುದಿಲ್ಲವೆಂದು ಪರದೆಯ ಮೇಲೆ ಸ್ಪಷ್ಟವಾಗಿ ಹೇಳಲೇಬೇಕು. ಮಕ್ಕಳು ಬಳಸುವ ಯಂತ್ರಗಳಾದುದರಿಂದ, ಆ ಬದಲಾವಣೆಯನ್ನು 24.04ಕ್ಕೆ ಏರುವ ಮೆಟ್ಟಿಲಾಗಿ ಮಾತ್ರ ಬಳಸಿ.

ಪ್ರಶ್ನೆ: ಇದೇ ಸಾಧನ ಫೆಡೋರಾ ಮತ್ತು ಆರ್ಚ್‌ನಲ್ಲೂ ನಡೆಯುವಂತೆ ಮಾಡಬೇಕೆಂದಿದ್ದೇನೆ. ಸಾಧ್ಯವೇ?
– ತಂತ್ರಾಂಶ ಅಭಿವೃದ್ಧಿಗಾರರು, ಬೆಂಗಳೂರು

ಉತ್ತರ: ಸಾಧ್ಯ, ಆದರೆ ಒಳಗಿನ ಭಾಗಗಳನ್ನು ಬೇರೆ ಬೇರೆಯಾಗಿಯೇ ಬರೆಯಿರಿ. ಫೆಡೋರಾದಲ್ಲಿ /ಇಟಿಸಿ/ಯಮ್.ರೆಪೋಸ್.ಡಿ ಫೋಲ್ಡರಿನ .ರೆಪೋ ಕಡತಗಳಲ್ಲಿ ಮೆಟಾಲಿಂಕ್ ಎಂಬ ವಿಳಾಸವಿದ್ದು, ಮಿರರ್ ಆಯ್ಕೆಯನ್ನು ಅಲ್ಲಿ ಆಪ್ಟ್‌ನ ಕೆಲಸ ಮಾಡುವ ಡಿಎನ್‌ಎಫ್ ಅದರ ಮೂಲಕವೇ ಮಾಡಿಕೊಳ್ಳುತ್ತದೆ. ಅಲ್ಲಿ ಬೇಸ್‌ಯುಆರ್‌ಎಲ್ ಬರೆದು ಕೈಹಾಕುವ ಅಗತ್ಯ ಹೆಚ್ಚಿನವರಿಗಿಲ್ಲ. ಜಿಪಿಜಿಚೆಕ್ ಸಾಲು 1 ಆಗಿರುವುದನ್ನು ಮಾತ್ರ ಸಾಧನ ನೋಡಿಕೊಳ್ಳಲಿ. ಆರ್ಚ್‌ನಲ್ಲಿ ಮಿರರ್‌ಲಿಸ್ಟ್ ಕಡತದ ಸಾಲುಗಳ ಕ್ರಮವೇ ಆದ್ಯತೆಯಾಗಿರುತ್ತದೆ, ಅದನ್ನು ಹೊಂದಿಸಲು ರಿಫ್ಲೆಕ್ಟರ್ ಎಂಬ ಸಾಧನ ಈಗಾಗಲೇ ಇದೆ. ಸೂಟ್, ಕಾಂಪೊನೆಂಟ್ ಎಂಬ ಡೆಬಿಯನ್ ಕಲ್ಪನೆಗಳನ್ನು ಈ ಎರಡರ ಮೇಲೆ ಹೇರಲು ಹೋಗಬೇಡಿ. ಯಂತ್ರವನ್ನು ಗುರುತಿಸುವುದು, ಬದಲಾವಣೆಯನ್ನು ತೋರಿಸುವುದು, ಹಳೆಯದನ್ನು ಮರಳಿಸುವುದು – ಈ ಮೂರು ಕೆಲಸಗಳ ಕೋಡ್ ಮಾತ್ರ ಎಲ್ಲಕ್ಕೂ ಒಂದೇ ಇರಬಹುದು.