ಹರಳಿಗೆ ಹರಳು ಹೊಂದಿಸಿದ ಪದಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಣ್ಣಬಣ್ಣದ ಹರಳುಗಲ್ಲುಗಳನ್ನು ತೆಳುವಾಗಿ ಸೀಳಿ, ಅಂಚಿಗೆ ಅಂಚು ಕೂಡುವಂತೆ ಕತ್ತರಿಸಿ ಅಂಟಿಸಿ, ಎಲ್ಲವನ್ನೂ ಒಂದೇ ಕಲ್ಲೆಂಬಂತೆ ಸಾಣೆ ಹಿಡಿದು ಮಾಡುವ ಇಂಟಾರ್ಸಿಯಾ ಪದಕಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹಲವರಿಗೆ ಉಪಯೋಗವಾಗುವಂಥವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆಯಾಗಿ ಕೊಡಲಾಗಿದೆ.

ಪ್ರಶ್ನೆ: ತಾಜ್ ಮಹಲಿನ ಅಮೃತಶಿಲೆಯಲ್ಲಿ ಹರಳು ಕೂಡಿಸಿ ಮಾಡಿದ ಹೂಬಳ್ಳಿಗಳನ್ನು ನೋಡಿದ್ದೇವೆ. ಇಂಟಾರ್ಸಿಯಾ ಪದಕವೂ ಅದೇ ಕೆಲಸವೇ? ಬೆಳ್ಳಿಯ ಗೆರೆಗಳ ನಡುವೆ ಹರಳು ತುಂಬಿದ ಅಮೆರಿಕದ ಪದಕಗಳನ್ನೂ ಕೆಲವರು ಇದೇ ಹೆಸರಿನಿಂದ ಕರೆಯುತ್ತಾರಲ್ಲ? (ಧಾರವಾಡದ ಓದುಗರು)

ಉತ್ತರ: ಇವು ಒಂದೇ ಬಳಗಕ್ಕೆ ಸೇರಿದ ಕಲೆಗಳು, ಆದರೆ ಕೆಲಸದ ಕ್ರಮ ಬೇರೆ. ಆಗ್ರಾದ ಪರ್ಚಿನ್‌ಕಾರಿಯಲ್ಲಿ ಅಮೃತಶಿಲೆಯ ಹಲಗೆಯಲ್ಲಿ ಎಲೆಯ ಅಥವಾ ಎಸಳಿನ ಆಕಾರದ ಗುಳಿ ತೋಡಿ, ಆ ಗುಳಿಗೆ ತಕ್ಕಂತೆ ಅರೆದ ಹರಳನ್ನು ಅದರೊಳಗೆ ಕೂಡಿಸುತ್ತಾರೆ. 1620ರ ದಶಕದಲ್ಲಿ ನೂರ್ ಜಹಾನ್ ತನ್ನ ತಂದೆಗಾಗಿ ಕಟ್ಟಿಸಿದ ಇತಿಮಾದ್-ಉದ್-ದೌಲಾ ಸಮಾಧಿಯಲ್ಲಿಯೂ, ಅನಂತರದ ತಾಜ್ ಮಹಲಿನಲ್ಲಿಯೂ ಕಾಣುವುದು ಈ ಕ್ರಮವೇ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿಯೂ ಮರದಲ್ಲಿ ತೋಡಿದ ಜಾಗಕ್ಕೆ ಬೇರೆ ಬಣ್ಣದ ಮರದ ತುಂಡು ಹೋಗಿ ಕೂರುತ್ತದೆ.

ಇಂಟಾರ್ಸಿಯಾದಲ್ಲಿ ಹಾಗೆ ಹಿಡಿದುಕೊಳ್ಳುವ ಹಲಗೆ ಮೇಲ್ಮುಖದಲ್ಲಿ ಇರುವುದೇ ಇಲ್ಲ. ಹರಳಿನ ಪಕ್ಕದಲ್ಲಿ ಹರಳೇ ಬರುತ್ತದೆ, ಚಿತ್ರವೂ ಅದರ ಹಿನ್ನೆಲೆಯೂ ಎರಡೂ ಹರಳೇ. ಕಲ್ಲಿನ ತುಂಡುಗಳನ್ನು ಹೀಗೆ ಅಂಚಿಗೆ ಅಂಚು ಕೂಡಿಸಿ ಚಿತ್ರ ಬರೆಯುವುದನ್ನು ಬಹು ಎತ್ತರಕ್ಕೆ ಒಯ್ದವರು ಇಟಲಿಯ ಫ್ಲಾರೆನ್ಸ್ ನಗರದವರು. 1588ರಲ್ಲಿ ಫರ್ಡಿನಾಂಡೊ ದೆ ಮೆಡಿಚಿ ಅಲ್ಲಿ ಸ್ಥಾಪಿಸಿದ ಕಾರ್ಯಾಗಾರವು ಒಪಿಫಿಚಿಯೊ ದೆಲ್ಲೆ ಪಿಯೆತ್ರೆ ದೂರೆ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿದೆ. ನೀವು ಹೇಳುವ ಬೆಳ್ಳಿಗೆರೆಯ ಪದಕಗಳು ನ್ಯೂ ಮೆಕ್ಸಿಕೊದ ಝೂನಿ ಜನರ ಕೈಯಲ್ಲಿ ಬೆಳೆದ ಚಾನೆಲ್ ಇನ್‌ಲೇ ಆಗಿರಬೇಕು. ಅಲ್ಲಿ ಎರಡು ಹರಳುಗಳ ನಡುವೆ ಬೆಳ್ಳಿಯ ಸಣ್ಣ ಗೋಡೆ ಇರುತ್ತದೆ. ಆ ಗೋಡೆಗೆ ತನ್ನದೇ ಚೆಲುವಿದೆ. ಆದರೆ ಅದನ್ನು ತೆಗೆದರೆ ಉಳಿಯುವ ಕಷ್ಟವೇ ಇಂಟಾರ್ಸಿಯಾ, ಏಕೆಂದರೆ ಬಿರುಕನ್ನು ಮರೆಮಾಡಲು ಅಲ್ಲಿ ಏನೂ ಇರುವುದಿಲ್ಲ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಸಿಗುವ, ಹಸಿರು ಕಲ್ಲಿನ ನಡುವೆ ಕೆಂಪು ಹರಳು ಇರುವ ಕಲ್ಲನ್ನು ಅಗೇಟ್ ಜೊತೆ ಸೇರಿಸಿ ಪದಕ ಮಾಡಿದೆ. ಎಷ್ಟು ಮೆರುಗು ಕೊಟ್ಟರೂ ಹಸಿರು ಭಾಗ ತಗ್ಗಾಗಿ, ಕೆಂಪು ಭಾಗ ಉಬ್ಬಿಯೇ ನಿಲ್ಲುತ್ತದೆ. ನನ್ನ ಕೈಯ ದೋಷವೇ? (ಮೈಸೂರಿನ ಓದುಗರು)

ಉತ್ತರ: ಕೈಯ ದೋಷವಲ್ಲ, ಕಲ್ಲಿನ ಗುಣ. ನಿಮ್ಮ ವರ್ಣನೆಗೆ ಹೊಂದುವುದು ಮೈಸೂರು ಸೀಮೆಯ ಹೆಸರಿನಲ್ಲೇ ಹೊರದೇಶಗಳ ಹವ್ಯಾಸಿಗಳಿಗೂ ಪರಿಚಿತವಾದ ಫ್ಯೂಕ್ಸೈಟ್ ಸಹಿತ ಮಾಣಿಕ್ಯ. ಕೆಂಪು ಭಾಗ ಕುರಂದ ಜಾತಿಯ ಖನಿಜ, ಖನಿಜಗಳ ಗಟ್ಟಿತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾನದಲ್ಲಿ ಅದರದು 9. ಹಸಿರು ಭಾಗವಾದ ಫ್ಯೂಕ್ಸೈಟ್ ಅಭ್ರಕದ ಜಾತಿಯದು, ಅದರ ಗಟ್ಟಿತನ 2ರಿಂದ 3ರ ಆಸುಪಾಸು. ಕೆಂಪಿನ ಸುತ್ತ ನೀಲಿ ಛಾಯೆಯ ಅಂಚು ಕಂಡರೆ ಅದು ಕಯನೈಟ್. ಅದರ ಗಟ್ಟಿತನವಂತೂ ಉಜ್ಜುವ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. ಇವುಗಳ ಪಕ್ಕಕ್ಕೆ ನೀವು ಸುಮಾರು 7ರ ಅಗೇಟನ್ನು ತಂದಿಟ್ಟಿದ್ದೀರಿ. ಸಾಣೆಯ ಒತ್ತಡ ಎಲ್ಲ ಕಡೆ ಒಂದೇ ಇದ್ದರೂ ಮೆದು ಕಲ್ಲು ಬೇಗ ಸವೆಯುತ್ತದೆ, ಗಟ್ಟಿಯದು ನಿಲ್ಲುತ್ತದೆ. ಮೋಸ್ ಮಾನದ ಮೆಟ್ಟಿಲುಗಳು ಸಮ ಎತ್ತರದವಲ್ಲ ಎಂಬುದನ್ನೂ ನೆನಪಿಡಬೇಕು. 7ಕ್ಕೂ 9ಕ್ಕೂ ನಡುವಿನ ನಿಜವಾದ ಅಂತರ ಆ ಅಂಕಿಗಳು ಸೂಚಿಸುವುದಕ್ಕಿಂತ ಬಹಳ ದೊಡ್ಡದು.

ಆ ಕಲ್ಲನ್ನು ಬಿಡಲು ಮನಸ್ಸಿಲ್ಲವಾದರೆ ಎರಡು ಎಚ್ಚರಿಕೆಗಳು ನೆರವಾಗುತ್ತವೆ. ಮೆತ್ತನೆಯ ಫೆಲ್ಟ್ ಅಥವಾ ಚರ್ಮದ ಮೇಲೆ ಹೆಚ್ಚು ಹೊತ್ತು ಉಜ್ಜಬೇಡಿ, ಏಕೆಂದರೆ ಮೆತ್ತನೆಯ ಮೈ ತಗ್ಗಿನೊಳಕ್ಕೂ ಇಳಿದು ಅದನ್ನು ಇನ್ನಷ್ಟು ಆಳವಾಗಿಸುತ್ತದೆ. ಗಟ್ಟಿ ತಟ್ಟೆಯ ಮೇಲೆ, ಹರಿತ ಉಳಿದಿರುವ ವಜ್ರದ ಪುಡಿಯಿಂದ, ಹಗುರವಾದ ಒತ್ತಡದಲ್ಲಿ ಕೆಲಸ ಮುಗಿಸಿ. ಸೀಳುವ ಮೊದಲೇ ಕಲ್ಲಿಗೆ ತೆಳುವಾದ ರೆಸಿನ್ ಕುಡಿಸಿದರೆ ಹಸಿರು ಭಾಗದ ಪದರುಗಳು ಕಿತ್ತು ಬರುವುದು ಕಡಿಮೆಯಾಗುತ್ತದೆ.

ಆದರೆ ಹೊಸಬರಿಗೆ ನನ್ನ ಸಲಹೆ ಇದಕ್ಕಿಂತ ಸರಳ: ಬಣ್ಣಕ್ಕಿಂತ ಮೊದಲು ಗಟ್ಟಿತನ ನೋಡಿ ಕಲ್ಲು ಆರಿಸಿ. ಅಗೇಟ್, ಕಾರ್ನೀಲಿಯನ್, ಜಾಸ್ಪರ್, ಟೈಗರ್ ಐ ಇವೆಲ್ಲ ಸ್ಫಟಿಕಶಿಲೆಯ ಕುಟುಂಬದವು, ಗಟ್ಟಿತನ ಆರೂವರೆಯಿಂದ ಏಳರೊಳಗೆ. ಬಿಳಿ, ಬೂದು, ಕೆಂಪು, ಇಟ್ಟಿಗೆ, ಹಳದಿ, ಕಂದು, ಹೊಂಬಣ್ಣ ಇಷ್ಟೂ ಈ ಒಂದು ಕುಟುಂಬದಲ್ಲೇ ಸಿಗುತ್ತವೆ. ಕಪ್ಪಿಗೆ ಬಣ್ಣ ಹಾಕಿದ ಅಗೇಟ್ ಆದ ಕಪ್ಪು ಆನಿಕ್ಸ್ ಇದೆ. ಇವುಗಳಿಂದಲೇ ಹಲವು ಪದಕ ಮಾಡಿ ಕೈ ಕುದುರಿದ ಮೇಲೆ 5ರಿಂದ 6ರ ಮಟ್ಟದ ರಾಜಾವರ್ತ (ಕಡುನೀಲಿಯ ಲ್ಯಾಪಿಸ್ ಲಾಜುಲಿ), ಫಿರೋಜಾಗಳಿಗೆ, ಆಮೇಲೆ 4ಕ್ಕೂ ಕಡಿಮೆಯ ಮ್ಯಾಲಕೈಟಿಗೆ ಬನ್ನಿ. ಟೈಗರ್ ಐ ಸೀಳುವಾಗ ಅದರ ಎಳೆಗಳಿಗೆ ಸಮಾನಾಂತರವಾಗಿ ಸೀಳಬೇಕು. ಅಡ್ಡಕ್ಕೆ ಸೀಳಿದರೆ, ಕಲ್ಲನ್ನು ಆಡಿಸಿದಾಗ ಅದರ ಮೇಲೆ ಓಡಾಡುವ ಬೆಳಕು ಸತ್ತುಹೋಗಿ ಮಂಕು ಕಂದು ಕಲ್ಲು ಉಳಿಯುತ್ತದೆ. ಅಗ್ಗದ ಫಿರೋಜಾ ಎಂದು ಮಾರುವುದರಲ್ಲಿ ಬಣ್ಣ ಹಾಕಿದ ಹೌಲೈಟ್ ಎಂಬ ಬಿಳಿಯ ಕಲ್ಲು ಬಹಳ ಇದೆ. ಅಸಿಟೋನ್ ತಾಗಿಸಿದ ಹತ್ತಿಗೆ ನೀಲಿ ಹತ್ತಿದರೆ ಕಲ್ಲಿಗೆ ಬಣ್ಣ ಹಾಕಲಾಗಿದೆ ಎಂದು ಖಚಿತವಾಗಿ ತಿಳಿಯಬಹುದು.

ಪ್ರಶ್ನೆ: ಅಂಟಿಸುವಾಗ ಕೂದಲೆಳೆಯೂ ನುಸುಳದಂತೆ ಕೂಡಿದ ತುಂಡುಗಳ ನಡುವೆ, ಮೇಲ್ಮೈಯನ್ನು ಉಬ್ಬಾಗಿ ಅರೆದ ಮೇಲೆ ಗೆರೆ ತೆರೆದುಕೊಳ್ಳುತ್ತದೆ. ಅಂಟು ಬದಲಿಸಬೇಕೇ? (ಶಿವಮೊಗ್ಗದ ಓದುಗರು)

ಉತ್ತರ: ಅಂಟನ್ನು ಬದಲಿಸಿ ಪ್ರಯೋಜನವಿಲ್ಲ, ಅಂಚನ್ನು ನೋಡಬೇಕು. ತುಂಡಿನ ಅಂಚು ಮೇಲ್ಮೈಗೆ ಸರಿಯಾಗಿ ಲಂಬವಾಗಿಲ್ಲದೆ ಸ್ವಲ್ಪ ಒಳಕ್ಕೆ ವಾಲಿದ್ದರೆ, ಎರಡು ತುಂಡುಗಳು ಮೇಲಿನ ತುದಿಯಲ್ಲಿ ಮಾತ್ರ ಒಂದನ್ನೊಂದು ಮುಟ್ಟುತ್ತವೆ, ಕೆಳಗೆ ಸಂದು ಅಗಲವಾಗುತ್ತ ಹೋಗುತ್ತದೆ. 3 ಮಿ.ಮೀ. ದಪ್ಪದ ಬಿಲ್ಲೆಯನ್ನು ಉಬ್ಬಾಗಿ ಅರೆಯುವಾಗ ಅಂಚಿನ ಕಡೆ 1 ಮಿ.ಮೀ.ಗೂ ಹೆಚ್ಚು ಹೋಗಿಬಿಡಬಹುದು. ಆಗ ಚೆನ್ನಾಗಿ ಕೂಡಿದ್ದ ಆ ಮೇಲಿನ ತುದಿಯೇ ಸವೆದುಹೋಗಿ, ಅಂಟು ತುಂಬಿದ ಸಂದು ಬೆಳಕಿಗೆ ಬರುತ್ತದೆ. ಹೀಗಾಗಿ ಕೂಡಿಕೆಯನ್ನು ಮೇಲಿನಿಂದ ನೋಡಿ ಒಪ್ಪಿಕೊಳ್ಳಬಾರದು. ತುಂಡುಗಳನ್ನು ತಿರುಗಿಸಿ ಹಿಂಬದಿಯಿಂದಲೂ ನೋಡಬೇಕು, ಒತ್ತಿ ಹಿಡಿದು ಹಿಂದೆ ದೀಪವಿಟ್ಟಾಗ ಬೆಳಕಿನ ಗೆರೆ ಎಲ್ಲಿಯೂ ಕಾಣಬಾರದು.

ಅಂಚನ್ನು ಅರೆಯುವಾಗ ಬರಿಗೈಯನ್ನು ನಂಬದೆ, ತಿರುಗುವ ತಟ್ಟೆಯ ಪಕ್ಕದಲ್ಲಿ ಲಂಬಕೋನದ ಆಸರೆಯೊಂದನ್ನು ಇಟ್ಟು, ಬಿಲ್ಲೆಯನ್ನು ಅದಕ್ಕೆ ಒತ್ತಿ ಹಿಡಿಯಿರಿ. ಒಂದು ತುಂಡನ್ನು ಅಂತಿಮವೆಂದು ಮುಗಿಸಿ, ಮುಂದಿನದನ್ನು ಅದಕ್ಕೆ ಹೊಂದಿಸುವುದು ಕ್ರಮ. ಎರಡನ್ನೂ ಒಟ್ಟಿಗೆ ತಿದ್ದುತ್ತ ಕುಳಿತರೆ ಚಿತ್ರವೇ ಕಿರಿದಾಗುತ್ತ ಹೋಗುತ್ತದೆ. ಎಲ್ಲಿ ಅಡ್ಡಿಯಾಗುತ್ತಿದೆ ಎಂದು ತಿಳಿಯಲು ಹೊಸ ತುಂಡಿನ ಅಂಚಿಗೆ ಮಾರ್ಕರ್ ಮಸಿ ಬಳಿದು, ಮುಗಿದ ತುಂಡಿಗೆ ತಾಗಿಸಿ ಒಂದಿಷ್ಟು ಉಜ್ಜಿ ನೋಡಿ. ಮಸಿ ಅಳಿದ ಕಡೆ ಕಲ್ಲು ಉಬ್ಬಿದೆ, ಅಷ್ಟನ್ನೇ ತೆಗೆಯಬೇಕು. ಬಾಗಿದ ಅಂಚುಗಳಲ್ಲಿ ಒಳಬಾಗಿದ ತುಂಡನ್ನು ಮೊದಲು ಮಾಡಿ, ಹೊರಬಾಗಿದ್ದನ್ನು ಅದಕ್ಕೆ ಹೊಂದಿಸುವುದು ಸುಲಭ. ಒಳಬಾಗುವಿಕೆ ನಿಮ್ಮಲ್ಲಿರುವ ಅತಿ ಸಣ್ಣ ಚಕ್ರದ ದುಂಡಿಗಿಂತ ಬಿಗಿಯಾಗಿರಲು ಸಾಧ್ಯವೇ ಇಲ್ಲವಾದ್ದರಿಂದ ಚಿತ್ರ ಬರೆಯುವಾಗಲೇ ಚಕ್ರವನ್ನು ಕಾಗದದ ಮೇಲಿಟ್ಟು ನೋಡುವುದು ಒಳ್ಳೆಯದು. ಮೊದಲ ಪದಕಗಳಲ್ಲಿ ನೇರ ಗೆರೆಗಳನ್ನಷ್ಟೇ ಬಳಸಿ. ನಾಲ್ಕೈದು ಪಟ್ಟಿಗಳನ್ನು ಓರೆಯಾಗಿ ಕೂಡಿಸಿದ ಪದಕ, ಕೂಡಿಕೆ ಶುದ್ಧವಾಗಿದ್ದರೆ, ಸಂದು ಬಿಟ್ಟ ನವಿಲಿಗಿಂತ ಎಷ್ಟೋ ಮೇಲು.

ಅಂಟಿನ ಬಗ್ಗೆಯೂ ಕೇಳಿದ್ದರಿಂದ ಹೇಳುತ್ತೇನೆ. ನಿಧಾನವಾಗಿ ಗಟ್ಟಿಯಾಗುವ, ಬಣ್ಣವಿಲ್ಲದ ಎಪಾಕ್ಸಿಯೇ ಸೂಕ್ತ. ಗರಗಸದ ಎಣ್ಣೆಯ ಅಂಶ ಉಳಿಯದಂತೆ ಅಂಚುಗಳನ್ನು ಅಸಿಟೋನಿನಿಂದ ಒರೆಸಿ, ಆಮೇಲೆ ಬೆರಳು ತಾಗಿಸದೆ ಅಂಟಿಸಿ. ಅಂಟೆಲ್ಲ ಹೊರಬರುವಷ್ಟು ಬಿಗಿಯಾಗಿ ಅದುಮಿದರೆ ಒಳಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಒಂದು ದಿನ ಪೂರ್ತಿ ಬಿಟ್ಟು, ಹಿಂಬದಿಯನ್ನು ಸಮತಟ್ಟು ಮಾಡಿ, ಬಸಾಲ್ಟ್ ಅಥವಾ ಕಪ್ಪು ಅಗೇಟಿನ ತೆಳು ಬಿಲ್ಲೆಯನ್ನು ಬೆನ್ನಿಗೆ ಕೊಟ್ಟ ಮೇಲೆಯೇ ಮೇಲ್ಮೈಗೆ ಕೈ ಹಾಕಿ. ಅರೆಪಾರದರ್ಶಕ ಕಲ್ಲಾದರೆ ಬೆನ್ನಿನ ಕಪ್ಪು ಮುಂದಕ್ಕೆ ಇಣುಕುತ್ತದೆ, ಅಂಥ ಕಡೆ ಬಿಳಿಯ ಬೆನ್ನು ಬೇಕಾಗುತ್ತದೆ.

ಪ್ರಶ್ನೆ: ಮಹಡಿಯ ಬಾಲ್ಕನಿಯಲ್ಲಿ ಸಣ್ಣ ಕೈಯಂತ್ರದಿಂದ ಕಲ್ಲು ಅರೆಯುತ್ತೇನೆ. ಮನೆಯಲ್ಲಿ ಪುಟ್ಟ ಮಗುವಿದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಕಲ್ಲವೇ? (ಬೆಂಗಳೂರಿನ ಓದುಗರು)

ಉತ್ತರ: ಸಾಲದು, ಖಂಡಿತ ಸಾಲದು. ಅಗೇಟ್, ಜಾಸ್ಪರ್‌ಗಳ ದೂಳೆಂದರೆ ಸಿಲಿಕಾ. ಅದರ ಅತಿ ಸೂಕ್ಷ್ಮ ಕಣಗಳು ಕಣ್ಣಿಗೆ ಕಾಣುವುದಿಲ್ಲ, ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತವೆ. ಈ ಕಾಯಿಲೆಗೆ ಗುಣಪಡಿಸುವ ಔಷಧವಿಲ್ಲ, ಕೆಲಸ ಬಿಟ್ಟ ಮೇಲೂ ಅದು ಮುಂದುವರಿಯಬಹುದು. ಗುಜರಾತಿನ ಖಂಭಾತ್ ಶತಮಾನಗಳಿಂದ ಅಗೇಟ್ ಮಣಿಗಳಿಗೆ ಹೆಸರಾದ ಊರು. ಅಲ್ಲಿ ಮನೆಯಲ್ಲೇ ಒಣ ಸಾಣೆ ಹಿಡಿಯುವ ಕಾರ್ಮಿಕರೂ, ಅದೇ ಮನೆಯಲ್ಲಿ ವಾಸಿಸುವ ಅವರ ಕುಟುಂಬದವರೂ ಈ ಕಾಯಿಲೆಗೆ ತುತ್ತಾಗಿರುವುದು ದಾಖಲಾಗಿದೆ. ನಾವು ಕೊರಳಲ್ಲಿ ಧರಿಸುವ ಅಂದದ ಹಿಂದೆ ಆ ಜನರ ಉಸಿರಿದೆ ಎಂಬುದನ್ನು ಈ ಹವ್ಯಾಸಕ್ಕೆ ಇಳಿಯುವ ಪ್ರತಿಯೊಬ್ಬರೂ ತಿಳಿದಿರಬೇಕು.

ಒಣಗಿದ ಕಲ್ಲನ್ನು ಎಂದೂ ಅರೆಯಬೇಡಿ. ನೀರು ನಿರಂತರ ತೊಟ್ಟಿಕ್ಕುವ ಯಂತ್ರ ಬೇಕು, ಜೊತೆಗೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಅಥವಾ ಅದಕ್ಕೂ ಮೇಲಿನ ದರ್ಜೆಯ ಮಾಸ್ಕ್ ಬೇಕು. ಚೆಲ್ಲಿದ ಕೆಸರು ಒಣಗಿದರೆ ಮತ್ತೆ ದೂಳೇ ಆಗುವುದರಿಂದ, ಹಸಿಯಿರುವಾಗಲೇ ಒರೆಸಿ ತೆಗೆಯಿರಿ. ಪೊರಕೆ ಬಳಸಬೇಡಿ, ಸಿಂಕಿಗೂ ಸುರಿಯಬೇಡಿ, ಕೊಳವೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಕೆಲಸದ ಬಟ್ಟೆ ಬದಲಿಸದೆ ಮಗುವನ್ನು ಎತ್ತಿಕೊಳ್ಳಬೇಡಿ. ನೀರೂ ವಿದ್ಯುತ್ತೂ ಒಂದೇ ಕಡೆ ಇರುವುದರಿಂದ ಆ ಪ್ಲಗ್ಗಿಗೆ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ರಕ್ಷಣೆ ಇರಲೇಬೇಕು. ಇಷ್ಟಕ್ಕೆ ಬಾಲ್ಕನಿಯಲ್ಲಿ ಅನುಕೂಲವಿಲ್ಲವಾದರೆ, ಮಗು ಇರುವ ಮನೆಯಲ್ಲಿ ಈ ಕೆಲಸವನ್ನು ನಿಲ್ಲಿಸಿ ಬೇರೆ ಜಾಗ ಹುಡುಕಿಕೊಳ್ಳುವುದೇ ಸರಿ.

ಪ್ರಶ್ನೆ: ಕಲ್ಲನ್ನು ಬೆಳ್ಳಿಯ ಚೌಕಟ್ಟಿಗೆ ಇಟ್ಟು, ಹಿಂಬದಿಗೆ ಕೊಂಡಿಯನ್ನು ಆಮೇಲೆ ಬೆಸೆದುಕೊಡುತ್ತೇನೆ ಎಂದು ನಮ್ಮೂರ ಅಕ್ಕಸಾಲಿಗರು ಹೇಳುತ್ತಾರೆ. ಒಪ್ಪಬಹುದೇ? (ಉಡುಪಿಯ ಓದುಗರು)

ಉತ್ತರ: ಒಪ್ಪಬೇಡಿ. ಬೆಳ್ಳಿಯ ಬೆಸುಗೆ 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕರಗುತ್ತದೆ, ಎಪಾಕ್ಸಿ ನೀರು ಕುದಿಯುವ ಬಿಸಿಗೇ ಮೆತ್ತಗಾಗುತ್ತದೆ. ಚೌಕಟ್ಟು, ಕೊಂಡಿ, ಬೆನ್ನಿನ ತಗಡು ಎಲ್ಲವನ್ನೂ ಬೆಸೆದು, ತೊಳೆದು, ತಣಿದ ಮೇಲೆ ಕಲ್ಲನ್ನು ಕಡೆಯಲ್ಲಿ ಇಟ್ಟು, ಅಪ್ಪಟ ಬೆಳ್ಳಿಯ ತೆಳು ಪಟ್ಟಿಯನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಒತ್ತಿ ಮಡಿಚಬೇಕು. ಕುಂದಣದ ಕೆಲಸ ಬಲ್ಲವರಾದರೆ ಶುದ್ಧ ಲೋಹವನ್ನು ಬೆಂಕಿಯಿಲ್ಲದೆ ಕಲ್ಲಿನ ಸುತ್ತ ಒತ್ತಿ ಕೂರಿಸುವುದು ಅವರಿಗೆ ಹೊಸದಲ್ಲ. ಒಳಗಿರುವುದು ಒಂದೇ ಕಲ್ಲಲ್ಲ, ಅಂಟಿಸಿದ ತುಂಡುಗಳು ಎಂದು ಮೊದಲೇ ತಿಳಿಸಿದರೆ ಸಾಕು.

ಪ್ರಶ್ನೆ: ಇಂಥ ಪದಕವನ್ನು ಮನೆಯ ಬೆಳ್ಳಿ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ತೊಳೆಯಬಹುದೇ? (ತುಮಕೂರಿನ ಓದುಗರು)

ಉತ್ತರ: ಬೇಡ. ಹುಣಸೆ, ನಿಂಬೆಗಳ ಹುಳಿಯು ಮ್ಯಾಲಕೈಟ್, ಹವಳ, ಮುತ್ತಿನ ಚಿಪ್ಪುಗಳನ್ನು ತಿಂದು ಮೆರುಗು ಕಳೆಯುತ್ತದೆ. ರಾಜಾವರ್ತದಲ್ಲಿರುವ ಬಿಳಿಯ ಕ್ಯಾಲ್ಸೈಟ್ ಗೆರೆಗಳಿಗೂ ಅದೇ ಗತಿ. ಅಂಗಡಿಗಳ ಅಲ್ಟ್ರಾಸಾನಿಕ್ ಯಂತ್ರಕ್ಕೂ, ಹಬೆಗೂ, ಕುದಿನೀರಿಗೂ ಕೊಡಬೇಡಿ. ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಕಲ್ಲನ್ನು ಒರೆಸಿ ಕೂಡಲೇ ಒಣಗಿಸಿ, ಕಪ್ಪಾದ ಬೆಳ್ಳಿಯನ್ನು ಬೆಳ್ಳಿ ಒರೆಸುವ ಬಟ್ಟೆಯಿಂದ ಕಲ್ಲಿಗೆ ತಾಗದಂತೆ ಉಜ್ಜಿ. ಬಿಸಿಲು ಬೀಳುವ ಕಿಟಕಿಯಲ್ಲಿ ಬಹುಕಾಲ ಇಟ್ಟರೆ ಎಪಾಕ್ಸಿ ಹಳದಿಗೆ ತಿರುಗಿ, ಬಿಳಿ ಅಗೇಟಿನ ಕೂಡಿಕೆಗಳಲ್ಲಿ ಅದು ಮೊದಲು ಎದ್ದು ಕಾಣುತ್ತದೆ; ಧರಿಸದಿರುವಾಗ ಪೆಟ್ಟಿಗೆಯಲ್ಲಿಡಿ.