ಕಟ್ಟು ಬಿಚ್ಚಿದರೆ ದಶಕ ತಿಳಿಯುತ್ತೆ

ಅಕ್ಕಾರೆ, ಎರಡನೇ ಕ್ಲಾಸ್ ಮುಗಿಸಿದ ಮಗ 42ರಲ್ಲಿ 17 ಕಳೆದು 35 ಬರೀತಾನೆ, ಸಿಂಧನೂರಿನ ಬಿಸಿಲಿಗೆ ಹೊರಗೂ ಬಿಡೋಕಾಗಲ್ಲ ಅಂದಿದ್ದೀರಿ. ಅವನು ದಡ್ಡ ಅಲ್ಲ. 7ರಲ್ಲಿ 2 ಕಳೀತಿದ್ದಾನೆ, ದೊಡ್ಡದರಲ್ಲಿ ಚಿಕ್ಕದು. ‘ದಶಕ’, ಅಂದರೆ ಹತ್ತರ ಕಟ್ಟು, ಅನ್ನೋದು ಇನ್ನೂ ಕೈಗೆ ಸಿಕ್ಕಿಲ್ಲ, ಅಷ್ಟೇ. ಇನ್ನಷ್ಟು ಲೆಕ್ಕ ಬರೆಸಿದರೆ ಅದೇ ತಪ್ಪು ಗಟ್ಟಿಯಾಗುತ್ತೆ.

ಕಸಬರಿಗಿ ಕಡ್ಡಿ 100 ಮುರಿದು, ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ. ಕಟ್ಟು ಅವನೇ ಕಟ್ಟಬೇಕು, ನೀವು ಕಟ್ಟಿಕೊಟ್ಟರೆ ಅರ್ಧ ಕಲಿಕೆ ಹೋಯ್ತು. ನಾಲ್ಕು ಹುಣಸೆ ಬೀಜವನ್ನು ಒಂದೇ ಮಗ್ಗುಲು ಬಿಳಿ ಕಾಣೋವರೆಗೆ ಒರಟು ಕಲ್ಲಿಗೆ ತಿಕ್ಕಿ. ಆಟಕ್ಕೆ ನಿಮಗೂ ಅವನಿಗೂ ಐದೈದು ಕಟ್ಟು. ಚೌಕಾಬಾರದಂತೆ ಬೀಜ ಹಾಕಿ, ಬಿಳಿ ಬಿದ್ದಷ್ಟು ಕಡ್ಡಿ ತೆಗೆಯಿರಿ; ನಾಲ್ಕೂ ಕಪ್ಪಾದರೆ 8. ಬಿಡಿ ಕಡ್ಡಿ ಸಾಲದಿದ್ದರೆ ಕಟ್ಟು ಬಿಚ್ಚಲೇಬೇಕು. ಮೊದಲು ಖಾಲಿ ಮಾಡಿದವರು ಗೆದ್ದಂತೆ.

ನಾಲ್ಕೈದು ದಿನ ಬರೀ ಆಟ. ಆಮೇಲೆ ಪ್ರತಿ ಸಲ ಉಳಿದದ್ದನ್ನು ಬರೆಸಿ: 3 ಕಟ್ಟು 4 ಬಿಡಿ, 34. ಬರಹ ಬೇಗ ತಂದರೆ ಮತ್ತೆ ಹಳೇ ತಪ್ಪಿಗೇ ಇಳೀತಾನೆ.

ಬೆಳಿಗ್ಗೆ 20 ನಿಮಿಷ ಸಾಕು. ಮಧ್ಯಾಹ್ನ ಸೆಕೆಯಲ್ಲಿ ಕೂರಿಸಬೇಡಿ, ಜಗಳವೇ ಆಗೋದು. ಓದಿಗೆ ಪೇಪರ್‌ನಲ್ಲಿ ಬರೋ ಉಷ್ಣಾಂಶ ತೋರಿಸಿ. ರಾಯಚೂರು ಬೆಂಗಳೂರಿಗಿಂತ ಎಷ್ಟು ಡಿಗ್ರಿ ಹೆಚ್ಚು ಅಂತ ದಿನಾ ಕ್ಯಾಲೆಂಡರ್ ಮೇಲೆ ಬರೀಲಿ. ಮೇ ತಿಂಗಳಲ್ಲಿ ಲೆಕ್ಕಕ್ಕೇನೂ ಬರ ಇರಲ್ಲ!

ಮನೆಯಲ್ಲಿ ಸಣ್ಣ ಕೂಸಿದ್ದರೆ ಆಟ ಮುಗಿದ ಕೂಡಲೇ ಬೀಜ ಎಣಿಸಿ ಎತ್ತಿಡಿ. ಮೂಗಿಗೆ ತುರುಕಿಕೊಳ್ತಾವೆ.